ಮಾಯಾ ರಾಣಿಯರು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಚೀನ ಮಾಯಾ ಜನರ ಬಗ್ಗೆ ಎಲ್ಲಿ ಮಾತಾಡಿದರೂ ರಾಣಿಯರ ವಿಷಯ ಬಂದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಭಾಷಣ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಬಂದು ಕೇಳಿದವು, ಪತ್ರದಲ್ಲಿ ಬಂದವು, ಕಾಮೆಂಟಿನಲ್ಲಿ ಬಂದವು, ಎಲ್ಲವನ್ನೂ ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಸ್ವಲ್ಪ ಗೊತ್ತಿರುವವರು ಸೀದಾ ಕೆಳಗೆ ಇಳಿಯಬಹುದು.

## ಮೊದಲ ಪ್ರಶ್ನೆಗಳು

ಮಾಯಾ ಅಂದ್ರೆ ಯಾರು, ಎಲ್ಲಿಯವರು? ಈಗ ಅವರು ಇಲ್ವಾ?

ಇದ್ದಾರೆ. ಮೆಕ್ಸಿಕೋದ ದಕ್ಷಿಣ ಭಾಗ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್‌ನ ಪಶ್ಚಿಮದ ಅಂಚು, ಇವೇ ಅವರ ನೆಲ. ಇವತ್ತಿಗೂ ಲಕ್ಷಾಂತರ ಜನ ಮಾಯಾ ಭಾಷೆಗಳನ್ನು ಮಾತಾಡುತ್ತಾರೆ. ಸುಮಾರು 30 ಭಾಷೆಗಳಿವೆ. ಹಾಳಾಗಿದ್ದು ಅವರ ಹಳೆಯ ನಗರಗಳು, ಜನ ಅಲ್ಲ.

ಇಲ್ಲಿ ನಾವು ಮಾತಾಡುತ್ತಿರುವುದು ಕ್ರಿ.ಶ. 250ರಿಂದ 900ರವರೆಗಿನ ಕಾಲದ ಬಗ್ಗೆ. ಆಗ ಇಡೀ ಮಾಯಾ ನಾಡಿಗೆ ಒಬ್ಬನೇ ಚಕ್ರವರ್ತಿ ಇರಲಿಲ್ಲ. ಹತ್ತಾರು ನಗರ, ಒಂದೊಂದಕ್ಕೂ ಒಂದು ಅರಸುಮನೆ. ಇವತ್ತು ಬೀಗತನ, ನಾಳೆ ಯುದ್ಧ. ಈ ಮಾತು ನೆನಪಿಟ್ಟುಕೊಳ್ಳಿ. ರಾಣಿಯರ ಬಲ ಎಲ್ಲಿಂದ ಬಂತು ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ನಮ್ಮ ಮಯಾಸುರನಿಗೂ ಇವರಿಗೂ ಏನಾದ್ರೂ ಸಂಬಂಧ ಇದೆಯಾ ಸಾರ್?

ಇಲ್ಲ. ಹೆಸರು ಕಿವಿಗೆ ಒಂದೇ ಥರ ಕೇಳುತ್ತದೆ, ಅಷ್ಟೇ. ಯುಕಟಾನ್ ಪ್ರದೇಶದ 'ಮಾಯಾಪಾನ್' ಎಂಬ ಊರಿನ ಹೆಸರಲ್ಲಿ ಈ ಪದ ಇದೆ. ನಾವು ಹೇಳುವ ರಾಣಿಯರು ತಮ್ಮನ್ನು 'ಮಾಯಾ' ಅಂತ ಕರೆದುಕೊಳ್ಳುತ್ತಲೂ ಇರಲಿಲ್ಲ, ತಮ್ಮ ತಮ್ಮ ಊರಿನ ಹೆಸರು ಹೇಳುತ್ತಿದ್ದರು.

ಸೋಮನಾಥಪುರದ ಗುಡಿಯ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆ, ಹಾಗಾಗಿ ಹೊಯ್ಸಳರ ಕಾಲಕ್ಕೇ ಅಮೆರಿಕದ ಜತೆ ನಂಟಿತ್ತು ಅನ್ನುವ ವಾದವನ್ನೂ ಒಬ್ಬರು ಕಳಿಸಿದ್ದರು. ಆ ವಾದ ಇರುವುದು ನಿಜ. ಬಹುತೇಕ ವಿದ್ವಾಂಸರು ಒಪ್ಪುವುದಿಲ್ಲ ಅನ್ನುವುದೂ ನಿಜ. ಶಿಲ್ಪಗಳು ಮಾತ್ರ ಚೆಂದ, ಹೋಗಿ ನೋಡಿ.

ಅವರಲ್ಲಿ ಹೆಂಗಸರು ರಾಜ್ಯ ಆಳಿದ್ರಾ, ಇಲ್ಲ ರಾಜನ ಪಕ್ಕ ಕೂತಿದ್ದಷ್ಟೇನಾ?

ಎರಡೂ ಇದೆ. ಇವೆರಡರ ನಡುವೆ ಇರುವುದೇ ಜಾಸ್ತಿ.

ತಮ್ಮ ಹೆಸರಲ್ಲೇ ಪಟ್ಟಕ್ಕೆ ಬಂದವರು ಬೆರಳೆಣಿಕೆಯಷ್ಟು. ಪಲೆಂಕೆಯಲ್ಲಿ ಇಶ್ ಯೋಹ್ಲ್ ಇಕ್ನಾಲ್ 583ರಿಂದ 604ರವರೆಗೆ ಆಳಿದಳು. ಟಿಕಾಲ್‌ನಲ್ಲಿ 511ರಲ್ಲಿ ಪಟ್ಟಕ್ಕೆ ಬಂದ ಹುಡುಗಿಗೆ ಆಗ 6 ವರ್ಷ. ಆಡುವ ವಯಸ್ಸು. ಪಕ್ಕದಲ್ಲಿ ದೊಡ್ಡವನೊಬ್ಬ ಜತೆಯಾಗಿ ಆಳುತ್ತಿದ್ದ ಅನ್ನುವುದು ಶಾಸನಗಳಿಂದ ಗೊತ್ತಾಗುತ್ತದೆ.

ಉಳಿದವರು ಮಗನ ಹೆಸರಲ್ಲಿ ಆಳಿದರು, ಗಂಡನ ಜತೆ ಆಳಿದರು, ಪೂಜೆ ನಡೆಸಿದರು, ಎರಡು ಊರುಗಳನ್ನು ಬೆಸೆದರು. 'ಆಳಿದಳೋ ಇಲ್ಲವೋ' ಅಂತ ಹೌದು-ಇಲ್ಲದ ಪ್ರಶ್ನೆ ಮಾಡಿಕೊಂಡರೆ ಇವರೆಲ್ಲ ಕೈತಪ್ಪಿ ಹೋಗುತ್ತಾರೆ.

ಎಲ್ಲಾ ಹೆಸರಲ್ಲೂ 'ಇಶ್' ಅಂತ ಬರುತ್ತಲ್ಲ, ಏನದು?

ಹೆಣ್ಣು ಅನ್ನುವ ಗುರುತು. 'ಅಹಾವ್' ಅಂದರೆ ಒಡೆಯ. 'ಇಶ್ ಅಹಾವ್' ಅಂದರೆ ಒಡತಿ. ಬರಹದಲ್ಲಿ ಇದು ಒಂದು ಹೆಣ್ಣಿನ ಮುಖದ ಚಿತ್ರ, ಪಕ್ಕದಿಂದ ನೋಡಿದಂತೆ, ಹಣೆಯ ಮೇಲೆ ಕೂದಲಿನ ಒಂದು ಎಳೆ. ಆ ಪುಟ್ಟ ಮುಖ ಕಂಡರೆ ಮುಂದಿನದು ಹೆಣ್ಣಿನ ಹೆಸರು. ಯುಕಟಾನಿನ ಇಂದಿನ ಮಾಯಾ ಮಾತಿನಲ್ಲೂ ಹೆಣ್ಣನ್ನು ಸೂಚಿಸಲು 'ಶ್' ಅನ್ನುವ ದನಿ ಪದದ ಮುಂದೆ ಉಳಿದಿದೆ.

ಸಾವಿರದ ಮುನ್ನೂರು ವರ್ಷ ಹಿಂದಿನ ರಾಣಿ ಯಾವಾಗ ಹುಟ್ಟಿದಳು ಅಂತ ಕೂಡ ಹೇಳ್ತೀರಲ್ಲ, ಸುಮ್ನೆ ಅಂದಾಜಾ?

ಅಂದಾಜಲ್ಲ. ಅವರೇ ಕಲ್ಲಿನಲ್ಲಿ ಬರೆಸಿದ್ದಾರೆ. ಮಾಯಾ ಜನ ಒಂದು ಮೂಲ ದಿನದಿಂದ ಎಷ್ಟು ದಿನ ಕಳೆಯಿತು ಅಂತ ಲೆಕ್ಕ ಇಡುತ್ತಿದ್ದರು. ಅದನ್ನು ನಮ್ಮ ಕ್ಯಾಲೆಂಡರಿಗೆ ಹೊಂದಿಸಬಹುದು.

ಆದರೆ 1960ರವರೆಗೆ ಈ ಕಲ್ಲುಗಳಲ್ಲಿ ಇರುವುದು ಬರೀ ಗ್ರಹಗತಿ, ದೇವರು, ಪಂಚಾಂಗ ಅಂತಲೇ ದೊಡ್ಡವರೆಲ್ಲ ನಂಬಿದ್ದರು. ಅದನ್ನು ಬದಲಿಸಿದವರು ತತಿಯಾನಾ ಪ್ರೊಸ್ಕುರಿಯಾಕೊವ್. ಹುಟ್ಟಿದ್ದು ರಷ್ಯಾದಲ್ಲಿ, ಬೆಳೆದಿದ್ದು ಅಮೆರಿಕದಲ್ಲಿ, ಓದಿದ್ದು ಕಟ್ಟಡ ವಿನ್ಯಾಸ. ಗ್ವಾಟೆಮಾಲಾದ ಪಿಯೆದ್ರಾಸ್ ನೆಗ್ರಾಸ್ ಊರಿನ ನಿಲುಗಲ್ಲುಗಳನ್ನು ಅವರು ಗುಂಪು ಗುಂಪಾಗಿ ಜೋಡಿಸಿ ನೋಡಿದರು. ಯಾವ ಗುಂಪಿನ ತಾರೀಖುಗಳೂ ಒಬ್ಬ ಮನುಷ್ಯನ ಆಯಸ್ಸನ್ನು ದಾಟುತ್ತಿರಲಿಲ್ಲ. ಅಂದರೆ ಇದು ಹುಟ್ಟು, ಪಟ್ಟ, ಮಕ್ಕಳು, ಸಾವು. ದೇವರ ಲೆಕ್ಕ ಅಲ್ಲ, ಮನೆಯ ಲೆಕ್ಕ!

ಇನ್ನೊಂದು ಮಾತು. ಉದ್ದ ನಿಲುವಂಗಿ ತೊಟ್ಟ ಆಕೃತಿಗಳನ್ನು ಅಲ್ಲಿಯವರೆಗೆ 'ಪೂಜಾರಿ' ಅನ್ನುತ್ತಿದ್ದರು. ಅವರು ಹೆಂಗಸರು ಅಂತ ತೋರಿಸಿಕೊಟ್ಟವರೂ ಇವರೇ. ಅಷ್ಟು ದಿನ ರಾಣಿಯರು ಎಲ್ಲರ ಕಣ್ಣೆದುರೇ ನಿಂತಿದ್ದರು.

ಅಲ್ಲಿನ 3ನೇ ನಿಲುಗಲ್ಲನ್ನೇ ನೋಡಿ. ರಾಣಿ ಸಿಂಹಾಸನದ ಮೇಲೆ ಕೂತಿದ್ದಾಳೆ. ಮೊಣಕಾಲಿಗೆ ಒರಗಿಕೊಂಡು ಪುಟ್ಟ ಮಗಳು. ಪಕ್ಕದ ಬರಹ ಹೀಗೆ ಹೇಳುತ್ತದೆ: ರಾಣಿ ಹುಟ್ಟಿದ್ದು 674ರಲ್ಲಿ, 'ನಮಾನ್' ಅನ್ನುವ ಬೇರೆ ಊರಿನವಳು. 686ರಲ್ಲಿ 12ರ ಹರೆಯದಲ್ಲಿ ಮದುವೆ. ಕೆಲವೇ ವಾರಗಳಲ್ಲಿ ಗಂಡನಿಗೆ ಪಟ್ಟ. 708ರಲ್ಲಿ ಮಗಳು ಹುಟ್ಟಿದಳು. 711ರಲ್ಲಿ ಈ ಕಲ್ಲು. ಮಗುವಿಗೆ 3 ವರ್ಷ. ರಾಜನ ಚಿತ್ರ ಈ ದೃಶ್ಯದಲ್ಲಿ ಇಲ್ಲವೇ ಇಲ್ಲ. ಮಾಯಾ ಲಿಪಿ ಕಲಿಯುವವರಿಗೆ ಇವತ್ತೂ ಈ ಕಲ್ಲೇ ಮೊದಲ ಪಾಠಗಳಲ್ಲಿ ಒಂದು.

ಪ್ರೊಸ್ಕುರಿಯಾಕೊವ್ 1985ರಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಮುಂದೆ ಅದೇ ಊರಿನ ಹಾಳುಬಿದ್ದ ಅರಮನೆಯ ನೆಲದಲ್ಲೇ ಇಟ್ಟರು.

## ಅರಮನೆಯ ಒಳಗೆ

ಮದುವೆ ಆದ್ಮೇಲೆ ರಾಣಿ ಪೂರ್ತಿ ಗಂಡನ ಮನೆಯವಳೇ ಆಗಿಬಿಡ್ತಿದ್ದಳಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಉತ್ತರ: ಇಲ್ಲ. ತವರು ಹೆಸರಿನಲ್ಲೇ ಅಂಟಿಕೊಂಡಿರುತ್ತಿತ್ತು.

ಒಂದೊಂದು ಅರಸುಮನೆಗೂ ಒಂದು ಲಾಂಛನ ಅಕ್ಷರ ಇತ್ತು. 'ಇಂಥ ಊರಿನ ಪವಿತ್ರ ಒಡೆಯ' ಅನ್ನುವ ಬಿರುದು ಅದು. ಮದುವೆಯಾಗಿ ಬಂದ ರಾಣಿ ಗಂಡನ ಊರಿನ ಲಾಂಛನ ಹಾಕಿಕೊಳ್ಳುತ್ತಿರಲಿಲ್ಲ, ತವರಿನದನ್ನೇ ಬಳಸುತ್ತಿದ್ದಳು. ಗಂಡನೂ ಅದನ್ನೇ ಕೆತ್ತಿಸುತ್ತಿದ್ದ. ಯಾಕೆಂದರೆ ಅವನಿಗೆ ಬೇಕಾಗಿದ್ದೇ ಆ ಹೆಸರು.

ಕಲಾಕ್‌ಮುಲ್ ಕೇಂದ್ರವಾಗಿ ಬೆಳೆದ 'ಕಾನುಲ್' ಅಂದರೆ ಹಾವಿನ ಮನೆತನ ಇದರಲ್ಲಿ ನಿಸ್ಸೀಮ. ಲಾ ಕೊರೋನಾ ಅನ್ನುವ ಸಣ್ಣ ಊರಿಗೆ ಆ ಮನೆತನದ 3 ಹೆಣ್ಣುಮಕ್ಕಳು ಸೊಸೆಯರಾಗಿ ಬಂದರು. 520ರಲ್ಲಿ ಒಬ್ಬಳು, 679ರಲ್ಲಿ ಒಬ್ಬಳು, 721ರಲ್ಲಿ ಇನ್ನೊಬ್ಬಳು. 200 ವರ್ಷ, 3 ಮದುವೆ, ಒಂದೇ ತವರು. ಇಷ್ಟನ್ನೂ ಒಂದೇ ಕಲ್ಲಿನಲ್ಲಿ ಬರೆಸಿಟ್ಟುಕೊಂಡಿದ್ದಾರೆ. ದೊಡ್ಡ ಮನೆಯ ಬೀಗರು ನಾವು ಅನ್ನುವ ಹೆಮ್ಮೆ!

ರಾಜನಿಗೆ ಹಲವು ಹೆಂಡಿರೂ ಇರುತ್ತಿದ್ದರು. ಯಾಶ್‌ಚಿಲಾನ್‌ನ 'ಹಕ್ಕಿ ಜಾಗ್ವಾರ್' ರಾಜನ ರಾಣಿಯರಲ್ಲಿ ಒಬ್ಬಳು ಊರಿನವಳೇ, ಇಬ್ಬರು ಮೊಟುಲ್ ದೆ ಸಾನ್ ಹೊಸೆ ಕಡೆಯವರು, ಇನ್ನೊಬ್ಬಳು ಹಿಶ್ ವಿಟ್ಸ್ ಊರಿನವಳು. ಸವತಿಯರ ಪಟ್ಟಿ ಓದಿದರೆ ಆ ರಾಜನ ಸ್ನೇಹಿತರು ಯಾರು ಅಂತ ತಿಳಿದುಹೋಗುತ್ತದೆ.

ನಾಲಿಗೆಗೆ ಮುಳ್ಳಿನ ಹಗ್ಗ ಎಳ್ಕೊಳ್ಳೋ ರಾಣಿಯ ಚಿತ್ರ ನೋಡಿ ಹೊಟ್ಟೆ ತೊಳಸಿತು. ನಿಜವಾಗ್ಲೂ ಮಾಡ್ತಿದ್ರಾ? ಬಲವಂತಾನಾ?

ಮಾಡುತ್ತಿದ್ದರು. ನೀವು ನೋಡಿದ್ದು ಯಾಶ್‌ಚಿಲಾನ್‌ನ 24ನೇ ಬಾಗಿಲುಗಲ್ಲು, ಅಂದರೆ ಬಾಗಿಲ ಮೇಲೆ ಅಡ್ಡ ಕೂರಿಸುವ ಕಲ್ಲು. ನಮ್ಮ ಮೇಸ್ತ್ರಿಗಳು ಲಿಂಟೆಲ್ ಅನ್ನುತ್ತಾರಲ್ಲ, ಅದೇ. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಗೋಡೆಗೆ ನಿಲ್ಲಿಸಿರುವುದರಿಂದ ಒಂದು ವಿಷಯ ತಪ್ಪಿಹೋಗುತ್ತದೆ. ಮೂಲದಲ್ಲಿ ಇದು ಬಾಗಿಲಿನ ಮೇಲೆ, ಮುಖ ಕೆಳಗೆ ಮಾಡಿಕೊಂಡು ಇತ್ತು. ಒಳಗೆ ಕಾಲಿಡುವವನು ಕತ್ತೆತ್ತಿದರೆ ಮಾತ್ರ ಕಾಣುತ್ತಿತ್ತು.

ಚಿತ್ರದಲ್ಲಿ ರಾಣಿ ಇಶ್ ಕಬಲ್ ಶೋಕ್ ಮಂಡಿಯೂರಿ ಕೂತಿದ್ದಾಳೆ. ವರ್ಷ 709. ನಾಲಿಗೆಯಲ್ಲಿ ತೂತು, ಅದರೊಳಗೆ ಮುಳ್ಳು ಹೆಣೆದ ಹಗ್ಗ. ಹಗ್ಗ ಇಳಿದು ಕೆಳಗಿನ ಬುಟ್ಟಿಯಲ್ಲಿ ಸುರುಳಿಯಾಗಿದೆ. ಬುಟ್ಟಿಯಲ್ಲಿ ಮರದ ತೊಗಟೆಯ ಕಾಗದ, ಅದರ ಮೇಲೆ ರಕ್ತದ ಚುಕ್ಕೆ. ತುಟಿಯ ಸುತ್ತಲೂ ರಕ್ತದ ಗುರುತು. ರಾಜ ಇತ್ಸಮ್ನಾಹ್ ಬಾಲಮ್ ಉದ್ದನೆಯ ಪಂಜು ಹಿಡಿದು ಎದುರಿಗೆ ನಿಂತಿದ್ದಾನೆ. ಆಕೆಯ ಬಟ್ಟೆಯ ನೇಯ್ಗೆಯ ಒಂದೊಂದು ಹೂವನ್ನೂ ಶಿಲ್ಪಿ ಬಿಡದೆ ಕೆತ್ತಿದ್ದಾನೆ. ಕಲ್ಲು ಅನ್ನುವುದೇ ಮರೆತುಹೋಗುತ್ತದೆ.

ಪಕ್ಕದ 25ನೇ ಕಲ್ಲಿನಲ್ಲಿ ಮುಂದಿನ ಹಂತ ಕಾಣುತ್ತದೆ. ರಕ್ತ ಹೀರಿದ ಕಾಗದ ಸುಟ್ಟ ಹೊಗೆಯಿಂದ ದೊಡ್ಡ ಹಾವು ಮೇಲೇಳುತ್ತದೆ. ಹಾವಿನ ಬಾಯಿಂದ ಈಟಿ ಹಿಡಿದ ಯೋಧನೊಬ್ಬ ಹೊರಬರುತ್ತಾನೆ. ಅದನ್ನು ಕಾಣುತ್ತಿರುವವಳು ರಾಣಿ ಒಬ್ಬಳೇ. ತಾರೀಖು 681, ಗಂಡನಿಗೆ ಪಟ್ಟವಾದ ವರ್ಷ. ಈ ಕಲ್ಲಿನ ಬರಹ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದೆ. ಯಾಕೆ ಹಾಗೆ ಬರೆದರು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಆಚೆ ಲೋಕದಿಂದ ಓದಲಿ ಅಂತ ಇರಬೇಕು ಅನ್ನುವ ಮಾತು ನನಗೆ ಹಿಡಿಸುತ್ತದೆ.

ಬಲವಂತವಾ? ಗಂಡಸರೂ ಇದನ್ನೇ ಮಾಡುತ್ತಿದ್ದರು, ಅದೂ ತಮ್ಮ ಗುಪ್ತಾಂಗಕ್ಕೆ. ಸಾಧನ ತೊರಕೆ ಮೀನಿನ ಬಾಲದ ಮುಳ್ಳು, ಇಲ್ಲವೇ ಜ್ವಾಲಾಮುಖಿ ಗಾಜಿನ ಅಲಗು. ರಾಜರಕ್ತವೇ ದೇವರಿಗೆ ಕೊಡಬಹುದಾದ ದೊಡ್ಡ ಕಾಣಿಕೆ, ಅದನ್ನು ಕೊಡುವುದು ಅರಸುಮನೆಯವರ ಹಕ್ಕು ಅನ್ನುವ ನಂಬಿಕೆ. ಶಿಕ್ಷೆ ಅಲ್ಲ, ಅಧಿಕಾರ. ಈ ಕಲ್ಲುಗಳಿದ್ದ ಕಟ್ಟಡವನ್ನೇ ಶಾಸನ ಇಶ್ ಕಬಲ್ ಶೋಕ್‌ಳ ಮನೆ ಅನ್ನುತ್ತದೆ. ಊರ ನಡುವೆ, ದೊಡ್ಡ ಚೌಕಕ್ಕೆ ಮುಖ ಮಾಡಿ, ಆಕೆಯ ಹೆಸರಿನ ಮನೆ.

ದಿನನಿತ್ಯದ ಕೆಲಸ ಏನು? ದಾಸಿಯರು ಗಾಳಿ ಬೀಸ್ತಿದ್ರೆ ಕೂತಿರೋದಾ?

ನೇಯುವುದು. ರಾಣಿಯಾದರೂ ನೇಯುವುದು ತಪ್ಪುತ್ತಿರಲಿಲ್ಲ. ಒಂದು ತುದಿ ಮರಕ್ಕೆ, ಇನ್ನೊಂದು ತುದಿ ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗ. ಮೈ ಹಿಂದಕ್ಕೆ ಬಾಗಿಸಿದರೆ ಎಳೆ ಬಿಗಿಯಾಗುತ್ತದೆ, ಮುಂದಕ್ಕೆ ಬಂದರೆ ಸಡಿಲ. ಗ್ವಾಟೆಮಾಲಾದ ಹಳ್ಳಿಗಳಲ್ಲಿ ಇವತ್ತೂ ಹೀಗೇ ನೇಯುತ್ತಾರೆ. ಅರಸುಮನೆಯ ಹೆಂಗಸರ ಹೆಸರು ಕೊರೆದ ಮೂಳೆಯ ನೇಯ್ಗೆ ಕಡ್ಡಿಗಳು ಸಿಕ್ಕಿವೆ, ನಮ್ಮಲ್ಲಿ ಪಾತ್ರೆಗೆ ಹೆಸರು ಹಾಕಿಸಿದ ಹಾಗೆ.

ಬಟ್ಟೆ ಅಂದರೆ ಆಗ ಹಣ. ಕಪ್ಪ ಕೊಡುವುದು ಬಟ್ಟೆಯಲ್ಲಿ, ಉಡುಗೊರೆ ಬಟ್ಟೆಯಲ್ಲಿ. ಹಾಗಾಗಿ ಒಳ್ಳೆಯ ನೇಯ್ಗೆ ತಿಳಿದ ಅಂತಃಪುರ ಅಂದರೆ ಬೊಕ್ಕಸ ಇದ್ದ ಹಾಗೆ. ಆ ಬಟ್ಟೆಗಳು ಆ ನೆಲದ ತೇವಕ್ಕೆ ಹೆಚ್ಚುಕಡಿಮೆ ಎಲ್ಲವೂ ಕೊಳೆತುಹೋಗಿವೆ. ಉಳಿದಿರುವುದು ಕಲ್ಲಿನಲ್ಲಿ, ಮಡಕೆಯ ಚಿತ್ರಗಳಲ್ಲಿ.

ಇನ್ನು ಕೋಕೋ. ಆಸ್ಥಾನಕ್ಕೆ ಬಂದವರಿಗೆ ನೊರೆ ಬಂದ ಕೋಕೋ ಕೊಡುವುದು ಮರ್ಯಾದೆ. ಒಂದು ಪ್ರಸಿದ್ಧ ಹೂಜಿಯ ಮೇಲೆ ಹೆಂಗಸೊಬ್ಬಳು ಎತ್ತರದಿಂದ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಾಳೆ, ನೊರೆ ಏಳಲಿ ಅಂತ. ನಮ್ಮ ಹೋಟೆಲಿನಲ್ಲಿ ಕಾಫಿ ಎತ್ತಿ ಸುರಿಯುವುದು ನೋಡಿದವರಿಗೆ ಈ ಚಿತ್ರ ವಿವರಿಸಬೇಕಾಗಿಯೇ ಇಲ್ಲ, ಅಲ್ವಾ?

ರಾಣಿ ಅಂತ ಗುರುತಿಸೋದು ಯಾವ ಉಡುಗೆಯಿಂದ?

ಒಂದು, ಪಾದದವರೆಗಿನ ನೇಯ್ದ ನಿಲುವಂಗಿ. ಎರಡು, ಹಬ್ಬ ಹರಿದಿನಕ್ಕೆ ಹಸಿರು ಜೇಡ್ ಮಣಿಗಳ ಬಲೆಯ ಲಂಗ, ಸೊಂಟದಲ್ಲಿ ಮೀನಿನ ಮುಖ ಮತ್ತು ಕೆಂಪು ಚಿಪ್ಪು. ಆದರೆ ಈ ಬಲೆಯ ಲಂಗವನ್ನು ಜೋಳದ ದೇವರ ವೇಷದಲ್ಲಿ ರಾಜರೂ ತೊಡುತ್ತಿದ್ದರು. ಹಾಗಾಗಿ ಬಟ್ಟೆ ನೋಡಿ ತೀರ್ಮಾನಿಸಬೇಡಿ, 'ಇಶ್' ಹುಡುಕಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಗಂಡನಿಗಿಂತ ಹೆಂಡತಿ ಪದವಿ ದೊಡ್ಡದಾಗಿದ್ದು ಇದೆಯಾ?

ಇದೆ. ಎಲ್ ಪೆರು-ವಾಕಾ ಊರಿನ ಇಶ್ ಕಾಬೆಲ್. ಕಾನುಲ್ ಮನೆತನದ ಮಗಳು. ಈಕೆಗೆ 'ಕಲೋಮ್ತೆ' ಅನ್ನುವ ಬಿರುದು ಇತ್ತು. ಅದು ಮಾಯಾ ಬಿರುದುಗಳಲ್ಲೇ ಮೇಲಿನದು, ದಂಡಿನ ಅಧಿಕಾರವನ್ನೂ ಸೂಚಿಸುವಂಥದ್ದು. ಗಂಡ ಕಿನಿಚ್ ಬಾಲಮ್ ಊರಿನ ಒಡೆಯ. ಅಗೆತ ನಡೆಸಿದವರ ಪ್ರಕಾರ ಪದವಿಯಲ್ಲಿ ಆಕೆಯದೇ ಒಂದು ಕೈ ಮೇಲು. ತವರು ಅಷ್ಟು ದೊಡ್ಡದು.

692ರಲ್ಲಿ ಗಂಡ ಹೆಂಡತಿ ಇಬ್ಬರ ಕಲ್ಲುಗಳೂ ಜೋಡಿಯಾಗಿ ನಿಂತವು. ಕಳೆದ ಶತಮಾನದಲ್ಲಿ ಕಳ್ಳರು ಅವುಗಳ ಮುಂಭಾಗವನ್ನು ತುಂಡು ತುಂಡಾಗಿ ಕೊಯ್ದು ಸಾಗಿಸಿದರು. ಇವತ್ತು ಹೆಂಡತಿ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿ, ಗಂಡ ಫೋರ್ಟ್ ವರ್ತ್‌ನ ಕಿಂಬೆಲ್ ಮ್ಯೂಸಿಯಂನಲ್ಲಿ. ನೋಡಿದಾಗ ಬೇಜಾರಾಗುತ್ತದೆ.

2012ರಲ್ಲಿ ಆ ಊರಿನ ದೊಡ್ಡ ಗುಡಿಯ ಕೆಳಗೆ ಒಂದು ಸಮಾಧಿ ಸಿಕ್ಕಿತು. ಅದರಲ್ಲಿ ಶಂಖದ ಆಕಾರದ ಪುಟ್ಟ ಬಿಳಿಕಲ್ಲಿನ ಭರಣಿ. ಶಂಖದ ಬಾಯಿಂದ ಮುದುಕಿಯೊಬ್ಬಳ ತಲೆ ಇಣುಕುತ್ತದೆ, ಮುಖದಲ್ಲಿ ಸುಕ್ಕು, ಕಿವಿಯ ಮುಂದೆ ಕೂದಲಿನ ಎಳೆ. ಹಿಂಬದಿಯಲ್ಲಿ ಸಣ್ಣ ಅಕ್ಷರಗಳು. ಓದಿದರೆ ಇಶ್ ಕಾಬೆಲ್ ಹೆಸರು.

ಯುದ್ಧಕ್ಕೆ ಹೋದ ರಾಣಿಯರು ಇದ್ದಾರಾ? ನಮ್ಮ ಅಬ್ಬಕ್ಕನ ಥರ?

ಕೈಯಲ್ಲಿ ಕತ್ತಿ ಹಿಡಿದು ರಣರಂಗದಲ್ಲಿ ನಿಂತ ಚಿತ್ರ ಇದೆಯಾ ಅಂತ ಕೇಳಿದರೆ ಕಷ್ಟ. ಬಂದಿಗಳ ಬೆನ್ನ ಮೇಲೆ ನಿಂತ ರಾಣಿ ಬೇಕಾ? ಇದ್ದಾಳೆ. ನರಾಂಹೊ ಊರಿನ ಇಶ್ ವಾಕ್ ಚಾನ್, 'ಆರು ಆಕಾಶದ ಒಡತಿ' ಅಂತ ಕರೆಯುತ್ತಾರೆ.

ಈಕೆಯ ಕಥೆ ಬೇರೆಯೇ. ಯುದ್ಧಗಳಲ್ಲಿ ನರಾಂಹೊ ಅರಸುಮನೆ ನೆಲಕಚ್ಚಿತ್ತು. 682ರಲ್ಲಿ ದೋಸ್ ಪಿಲಾಸ್ ರಾಜ ತನ್ನ ಮಗಳನ್ನು ಅಲ್ಲಿಗೆ ಕಳಿಸಿದ. ಶಾಸನದಲ್ಲಿ ಬಳಸಿದ ಮಾತು 'ಬಂದಳು'. ಹೊಸ ಮನೆತನ ಶುರುವಾಗುವಾಗ ಬಳಸುವ ಮಾತು ಅದು. ಬಂದ ಮೂರೇ ದಿನಕ್ಕೆ ಅಲ್ಲಿನ ಗುಡಿಯಲ್ಲಿ ಪೂಜೆ ನಡೆಸಿದಳು. 688ರಲ್ಲಿ ಒಬ್ಬ ಹುಡುಗ ಹುಟ್ಟಿದ, 693ರಲ್ಲಿ ಐದರ ಹರೆಯದಲ್ಲಿ ಅವನಿಗೆ ಪಟ್ಟವಾಯಿತು. ಅದಾಗಿ ತಿಂಗಳೂ ತುಂಬಿರಲಿಲ್ಲ, ನರಾಂಹೊ ಅಕ್ಕಪಕ್ಕದ ಊರಿನ ಮೇಲೆ ದಾಳಿ ಶುರುಮಾಡಿತು. ಐದು ವರ್ಷದ ಹುಡುಗ ದಂಡು ನಡೆಸಿದ ಅಂತ ನಂಬುತ್ತೀರಾ? ಮಾಡಿಸಿದವರು ಯಾರು ಅನ್ನುವುದು ಕಲ್ಲುಗಳಲ್ಲೇ ಇದೆ. ಹುಡುಗನ ಒಂದೊಂದು ನಿಲುಗಲ್ಲಿಗೂ ಜೋಡಿಯಾಗಿ ರಾಣಿಯ ಒಂದು ನಿಲುಗಲ್ಲು. ರಾಜರ ಹಾಗೇ ಆಕೆಯೂ ಬಂದಿಯನ್ನು ಮೆಟ್ಟಿ ನಿಂತಿದ್ದಾಳೆ.

ಹುಡುಗನ ತಂದೆ ಯಾರು ಅಂತ ಕಲ್ಲುಗಳು ಸ್ಪಷ್ಟವಾಗಿ ಹೇಳುವುದಿಲ್ಲ. ಈಕೆ ಮಾತ್ರ 741ರಲ್ಲಿ ಸಾಯುವವರೆಗೂ ದೋಸ್ ಪಿಲಾಸ್ ಲಾಂಛನ ಬಿಡಲಿಲ್ಲ. 59 ವರ್ಷ ಆ ಊರಿನಲ್ಲಿದ್ದು, ಆ ಊರನ್ನು ಎತ್ತಿ ನಿಲ್ಲಿಸಿ, ಹೆಸರಿನಲ್ಲಿ ತವರು.

ಕೋಬಾದ ಇಶ್ ಕಾವೀಲ್ ಅಹಾವ್ ಇನ್ನೊಬ್ಬಳು. 640ರಿಂದ 682ರವರೆಗೆ ಆಳಿದವಳು, ಈಕೆಯ ಕಾಲಡಿಯಲ್ಲೂ ಬಂದಿಗಳು. ಕೋಬಾದಿಂದ ಯಾಶುನಾವರೆಗೆ ಸುಣ್ಣದ ಗಾರೆ ಹಾಕಿದ ಬಿಳಿ ರಸ್ತೆ ಇದೆ, ಉದ್ದ ಸುಮಾರು 100 ಕಿಲೋಮೀಟರ್. ಎತ್ತಿಲ್ಲ, ಗಾಡಿಯಿಲ್ಲ, ಎಲ್ಲವೂ ತಲೆಹೊರೆ. ದಂಡು ಸಾಗಿಸಲು ಅದನ್ನು ಈಕೆಯೇ ಮಾಡಿಸಿರಬೇಕು ಎಂಬುದು ಅಲ್ಲಿ ಕೆಲಸ ಮಾಡಿದ ಪುರಾತತ್ವಜ್ಞರ ಊಹೆ.

ಪಲೆಂಕೆಯ ರಾಜ ಪಕಾಲನಿಗೆ ಪಟ್ಟ ತಾಯಿಯಿಂದ ಬಂತು ಅಂತೀರಿ. ಅಪ್ಪನ ಕಡೆಯಿಂದ ತಾನೇ ಬರಬೇಕು?

ಸಾಮಾನ್ಯವಾಗಿ ಹೌದು. ಪಲೆಂಕೆಯಲ್ಲಿ ದಾರಿ ತಪ್ಪಿತು. ಯೋಹ್ಲ್ ಇಕ್ನಾಲ್ ಆಳುತ್ತಿದ್ದಾಗ, 599ರಲ್ಲಿ, ಕಲಾಕ್‌ಮುಲ್ ಕಡೆಯವರು ಊರಿಗೆ ನುಗ್ಗಿದರು. ಮುಂದೆ ಇನ್ನೊಮ್ಮೆ ಬಂದರು. ಆ ಗಲಾಟೆಯಲ್ಲಿ 615ರಲ್ಲಿ ಪಟ್ಟ ಸಿಕ್ಕಿದ್ದು 12 ವರ್ಷದ ಪಕಾಲನಿಗೆ. ಅವನ ಅಪ್ಪ ರಾಜನಾಗಿರಲಿಲ್ಲ. ರಾಜರಕ್ತ ಇದ್ದದ್ದು ತಾಯಿ ಇಶ್ ಸಾಕ್ ಕುಕ್‌ಳಲ್ಲಿ.

ಪಕಾಲ ಇದನ್ನು ಮುಚ್ಚಿಡಲಿಲ್ಲ. ಅರಮನೆಯಲ್ಲಿ ಒಂದು ದುಂಡನೆಯ ಕಲ್ಲು ಹಲಗೆ ಹಾಕಿಸಿದ. ಅವನು ಜೋಡಿತಲೆಯ ಜಾಗ್ವಾರ್ ಪೀಠದ ಮೇಲೆ ಕೂತಿದ್ದಾನೆ, ಅಮ್ಮ ಕೆಳಗೆ ಕೂತು ಕಿರೀಟ ಚಾಚಿದ್ದಾಳೆ. ಅಪ್ಪ ಇಲ್ಲ. ಕೆತ್ತಿಸುವ ಹೊತ್ತಿಗೆ ಅಮ್ಮ ತೀರಿಹೋಗಿದ್ದಳು. 683ರಲ್ಲಿ ಸತ್ತ ಪಕಾಲನ ಕಲ್ಲಿನ ಶವಪೆಟ್ಟಿಗೆಯ ಸುತ್ತ ಹಿರಿಯರನ್ನು ಹಣ್ಣಿನ ಗಿಡಗಳಾಗಿ ನೆಲದಿಂದ ಮೇಲೇಳುತ್ತಿರುವಂತೆ ಕೆತ್ತಿದರು. ಅಮ್ಮ ಕೋಕೋ ಗಿಡ. ಯೋಹ್ಲ್ ಇಕ್ನಾಲ್ ಎರಡು ಸಲ ಇದ್ದಾಳೆ.

'ಕೆಂಪು ರಾಣಿ' ಪಕಾಲನ ಹೆಂಡತಿನೇನಾ? ಖಚಿತಾನಾ?

ಬಹುತೇಕ. 1994ರಲ್ಲಿ ಪಕಾಲನ ಸಮಾಧಿಯ ಪಕ್ಕದ ಗುಡಿಯಲ್ಲಿ ಕಲ್ಲಿನ ಶವಪೆಟ್ಟಿಗೆ ಸಿಕ್ಕಿತು. ಒಳಗೆ ವಯಸ್ಸಾದ ಹೆಂಗಸು, ಮೈಮೇಲೆಲ್ಲ ಇಂಗಳೀಕ, ಅಂದರೆ ಪಾದರಸದ ಅದಿರಿನ ಕೆಂಪು ಪುಡಿ. ಮುಖಕ್ಕೆ ಹಸಿರು ಮಲಕೈಟ್ ಕಲ್ಲಿನ ಮುಖವಾಡ. ಪೆಟ್ಟಿಗೆಯ ಹೊರಗೆ ಬಲಿಕೊಟ್ಟ ಇಬ್ಬರ ಮೂಳೆ. ಹೆಸರು ಮಾತ್ರ ಎಲ್ಲೂ ಬರೆದಿಲ್ಲ.

ಅಮ್ಮನಾ, ಹೆಂಡತಿಯಾ ಅಂತ ವಾದವಾಯಿತು. ಡಿಎನ್ಎ ನೋಡಿದಾಗ ಪಕಾಲನ ರಕ್ತಸಂಬಂಧಿ ಅಲ್ಲ ಅಂತ ಬಂತು. ಹಾಗಾದರೆ ಅಮ್ಮ ಅಲ್ಲ. 672ರಲ್ಲಿ ತೀರಿಕೊಂಡ ಹೆಂಡತಿ ಇಶ್ ತ್ಸಾಕ್ಬು ಅಹಾವ್ ಅನ್ನುವುದೇ ಈಗ ಹೆಚ್ಚಿನವರ ಮಾತು.

ಇದೆಲ್ಲ ಕೆತ್ತಿಸಿದವರು ಗಂಡಸರೇ ಅಲ್ವಾ? ಅವರಿಗೆ ಬೇಕಾದ ಹಾಗೆ ಬರೆಸಿರ್ತಾರೆ. ನಂಬೋದು ಹೇಗೆ?

ಬರೆಸಿದ್ದಾರೆ, ಅನುಮಾನವೇ ಬೇಡ. ಆದರೆ ಯಾಕೆ ಬರೆಸಬೇಕಾಯಿತು ಅಂತ ನೋಡಿದರೆ ರಾಣಿಯರ ತೂಕ ಗೊತ್ತಾಗುತ್ತದೆ.

ಮತ್ತೆ ಯಾಶ್‌ಚಿಲಾನ್‌ಗೆ ಹೋಗೋಣ. ಇಶ್ ಕಬಲ್ ಶೋಕ್‌ಳ ಗಂಡ 742ರಲ್ಲಿ ಸತ್ತ. ಪಟ್ಟಕ್ಕೆ ಬಂದವನು ಆಕೆಯ ಮಗನಲ್ಲ, ಸವತಿಯ ಮಗ ಹಕ್ಕಿ ಜಾಗ್ವಾರ್. ಅದೂ 752ರಲ್ಲಿ. ನಡುವೆ 10 ವರ್ಷ ಏನು ನಡೆಯಿತು ಅಂತ ಊರಿನ ಕಲ್ಲುಗಳು ಬಾಯಿಬಿಡುವುದಿಲ್ಲ. ದೊಡ್ಡ ರಾಣಿ 749ರಲ್ಲಿ ಸತ್ತಳು, ಅವನ ತಾಯಿ 751ರಲ್ಲಿ. ಮರುವರ್ಷ ಪಟ್ಟ.

ಆ ತಾಯಿ ಕಲಾಕ್‌ಮುಲ್ ಕಡೆಯವಳು. ಗಂಡ ಬದುಕಿದ್ದಾಗಿನ ಕಲ್ಲುಗಳಲ್ಲಿ ಆಕೆಯ ಹೆಸರೇ ಇಲ್ಲ. ಮಗನ ಕಾಲಕ್ಕೆ ಎಲ್ಲೆಲ್ಲೂ ಅವಳೇ. ತಾನೇ ಕಟ್ಟಿಸಿದ ಮನೆಯೊಳಗೆ ಅವನು ಅಮ್ಮನಿಗೆ ಒಂದು ನಿಲುಗಲ್ಲು ಮಾಡಿಸಿದ. ಆಕೆ ರಕ್ತ ಕೊಟ್ಟು ಹಾವನ್ನು ಎಬ್ಬಿಸುತ್ತಿದ್ದಾಳೆ. ಮೇಲಿನ ತಾರೀಖು 741, ಅಂದರೆ ಅಪ್ಪ ಇನ್ನೂ ಬದುಕಿದ್ದ ವರ್ಷ. ಕೆತ್ತಿಸಿದ್ದು ಎಷ್ಟೋ ವರ್ಷದ ಮೇಲೆ. ನಮ್ಮಮ್ಮನೂ ಇದನ್ನೆಲ್ಲ ಮಾಡಿದವಳೇ ಅಂತ ಊರಿಗೆ ತೋರಿಸಬೇಕಿತ್ತು ಅವನಿಗೆ. ಆ ಹೊಸ ಮನೆ ಎದ್ದದ್ದು ಇಶ್ ಕಬಲ್ ಶೋಕ್‌ಳ ಮನೆಗೆ ಸಮೀಪದಲ್ಲೇ. ಅದರ ಬಾಗಿಲುಗಲ್ಲುಗಳಲ್ಲಿ ಕೆತ್ತಿಸಿದ್ದೂ ದೊಡ್ಡಮ್ಮನ ಮನೆಯ ಆ ದೃಶ್ಯಗಳನ್ನೇ. ಹೆಂಗಸರು ಮಾತ್ರ ಬೇರೆ.